ಕಾಲಿಗೆ ಬಿಟ್ಟ ಜಾಗ

ನನ್ನ ಸೋದರಮಾವ ಗಾಳೆಪ್ಪನಿಗೆ ಹಲಗೆ ಬಾರಿಸಲು ಬರುವುದಿಲ್ಲ ಎಂದು ಹೂವಿನಹಡಗಲಿಯ ಸ್ಪರ್ಧೆಯಲ್ಲಿ ಒಬ್ಬ ತೀರ್ಪುಗಾರ ಮೈಕಿನಲ್ಲಿ ಹೇಳಿದ. ಹೆಚ್ಚುಕಡಿಮೆ ಹಾಗೆಯೇ ಹೇಳಿದ. "ಹುಡುಗರಲ್ಲಿ ಪ್ರತಿಭೆ ಇದೆ. ಆದರೆ ಹಿಂದೆ ನಿಂತ ಹಿರಿಯರು ಮೊದಲಿಂದ ಕೊನೆಯವರೆಗೆ ಒಂದೇ ಪೆಟ್ಟು ಹೊಡೆದರು. ಅವರೂ ಸ್ವಲ್ಪ ಕಲಿಯಬೇಕು" ಎಂದ. ಎದುರಿಗೇ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಹಲಗೆಯ ಸದ್ದಿನಲ್ಲೇ ಹುಟ್ಟಿ ತಲೆ ನರೆತ ಮನುಷ್ಯನಿಗೆ ಕಲಿ ಎನ್ನಲು ಇವನು ಯಾರು? ಎದ್ದು ಕೇಳಿಯೇಬಿಡುತ್ತಿದ್ದೆ. ಪಕ್ಕದಲ್ಲಿದ್ದ ಅವ್ವ ನನ್ನ ವೇಲು ಹಿಡಿದು ಜಗ್ಗಿ ಕೂರಿಸಿದಳು.

"ಕುಂದ್ರು. ನಿನ್ನ ಮಾವಗೂ ಬಾಯಿ ಐತಿ" ಅಂದಳು.

ಬಾಯಿ ಇತ್ತು, ಅದೂ ಅಂಥಿಂಥ ಬಾಯಲ್ಲ. ಮಾವ ಸ್ಟೇಜಿನಿಂದ ಇಳಿದು ಬಂದು ತೀರ್ಪುಗಾರನ ಕುರ್ಚಿಯ ಎದುರು ನಿಂತು ಹೇಳಿದ್ದನ್ನು ನಾನು ಇಲ್ಲಿ ಬರೆಯುವಂತಿಲ್ಲ. ಬರೆಯಬಹುದಾದಷ್ಟು ಮಾತ್ರ ಹೇಳುತ್ತೇನೆ. "ಸ್ವಾಮಿ, ನಾನು ಹೊಡಿಯಾದು ಒಂದಾ ಪೆಟ್ಟು. ನೀವು ಎದ್ದು ಅದಕ್ಕ ಒಂದು ಹೆಜ್ಜಿ ಹಾಕಿ ತೋರಸ್ರಿ, ಆಮ್ಯಾಲೆ ನಂಗ ಕಲಸೂರಂತ್ರಿ." ತೀರ್ಪುಗಾರ ನಕ್ಕು ನೀರಿನ ಬಾಟಲಿ ಎತ್ತಿಕೊಂಡ. ಸುತ್ತ ಇದ್ದವರೂ ನಕ್ಕರು. ಆ ನಗು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ.

ಮಾವ ಎಂಥವನು ಎಂದು ಹೇಳಿಬಿಡುತ್ತೇನೆ. ನಮ್ಮೂರು ಹಡಗಲಿ ತಾಲ್ಲೂಕಿನ ಇಟ್ಟಿಗಿ. ಅವನ ಅಪ್ಪ, ಅಂದರೆ ನನ್ನ ತಾತ, ಊರಿಗೆ ಬಿಟ್ಟಿ ಹಲಗೆ ಬಾರಿಸಿದವನು. ಡಂಗುರ ಸಾರಲು ಬೇಕು, ದೊಡ್ಡವರ ಮನೆಯ ಮದುವೆಗೆ ಬೇಕು, ಸಾವಿಗೆ ಬೇಕು. ಊಟಕ್ಕೆ ಮಾತ್ರ ಅಂಗಳದಾಚೆ ಕೂರಬೇಕು. ಒಮ್ಮೆ ಚಳಿಜ್ವರ ಬಂದು ಹೋಗದೆ ಮಲಗಿದ್ದಕ್ಕೆ ಊರ ದೊಡ್ಡವರು ಮನೆಗೇ ಬಂದು ಹೊಡೆದರಂತೆ. ಅದನ್ನು ಕಣ್ಣಾರೆ ಕಂಡವಳು ನನ್ನ ಅವ್ವ ನಾಗಕ್ಕ. ತಮ್ಮ ದೊಡ್ಡವನಾಗಿ ಹೆಗಲಿಗೆ ಹಲಗೆ ಹಾಕಿಕೊಂಡ ದಿನ ಅವಳೇ ಅವನ ದಾರಿಗೆ ಅಡ್ಡ ನಿಂತು, "ಊರಿಗೆ ಬಾರಿಸಬ್ಯಾಡ. ನಮ್ಮವ್ರು ಕುಣಿಯೋದಾದ್ರ ಬಾರಿಸು" ಅಂದಳು. ಅಂದಿನಿಂದ ಮಾವ ಊರಿನ ಯಾವ ಕರೆಗೂ ಹೋಗಲಿಲ್ಲ. ಅದಕ್ಕೆ ಎಷ್ಟು ಬೈಗುಳ ತಿಂದನೋ ಅದಕ್ಕಿಂತ ಒಂದು ಕೈ ಹೆಚ್ಚೇ ಬೈದು ಬಂದ.

ಆಮೇಲೆ ಕೊಟ್ಟೂರಿನಲ್ಲಿ ನೀರು ಬಿಡುವ ಕೆಲಸ ಸಿಕ್ಕಿತು. ಅತ್ತೆ ಹಂಪಮ್ಮನ ಜೊತೆ ಅಲ್ಲೇ ಸಂಸಾರ ಹೂಡಿದ. ಗೋಡೆಗೆ ಬುದ್ಧನ ಫೋಟೊ ಬಂತು. ದಲಿತ ಸಂಘಟನೆಯ ಹುಮ್ಮಸ್ಸಿನಲ್ಲಿ ಮಗನಿಗೆ ಕ್ರಾಂತಿಕುಮಾರ್ ಎಂದು ಹೆಸರಿಟ್ಟ. ನೀರು ತಡವಾಯಿತೆಂದು ಯಾರಾದರೂ ಗೊಣಗಿದರೆ ವಾಲ್ವಿನ ಗುಂಡಿಯಿಂದಲೇ ತಲೆಯೆತ್ತಿ ಜಗಳಕ್ಕೆ ನಿಲ್ಲುತ್ತಿದ್ದ. ಬುದ್ಧನ ಶಾಂತಿ ಗೋಡೆಯಿಂದ ಕೆಳಗೆ ಇಳಿಯಲಿಲ್ಲ ಎಂದು ಅವ್ವ ಅವನನ್ನು ಕಾಡುತ್ತಿದ್ದಳು.

ಆದರೆ ಅದೇ ಸಿಡುಕು ಮನುಷ್ಯ ಹಲಗೆ ಕಾಯಿಸಿಕೊಂಡು ನಿಂತರೆ ಬೇರೆಯೇ ಆಗುತ್ತಿದ್ದ. ಜಯಂತಿಯ ಮೆರವಣಿಗೆ ಇರಲಿ, ಕೇರಿಯ ಮದುವೆ ಇರಲಿ, ಬಲಗೈಯ ದಪ್ಪ ಕೋಲು ಒಂದು ಸಲ ಬೀಳುತ್ತಿತ್ತು, ಎಡಗೈಯ ಕಡ್ಡಿ ಅದರ ಬೆನ್ನಿಗೆ ಸಣ್ಣಗೆ ತಾಗುತ್ತಿತ್ತು, ಅಷ್ಟೆ. ಮತ್ತೆ ಅದೇ. ಮತ್ತೂ ಅದೇ. ಮೊದಲು ಏನೂ ಅನಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಯಾರದೋ ಹಿಮ್ಮಡಿ ಏಳುತ್ತಿತ್ತು. ಮಂಡಿನೋವೆಂದು ಕಟ್ಟೆಯ ಮೇಲೆ ಕೂತ ಮುದುಕಿಯರು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಸೊಸೆಯಂದಿರು, ಲೆಕ್ಕ ಹಾಕದೆ ಸಾಲಿಗೆ ಸೇರಿಬಿಡುತ್ತಿದ್ದರು. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಪಿಟಿ ಟೀಚರು. ಮಕ್ಕಳಿಗೆ ಲೆಫ್ಟ್ ರೈಟ್ ಹೇಳಿಕೊಡಲು ವರ್ಷವೆಲ್ಲ ಗಂಟಲು ಹರಿದುಕೊಳ್ಳುತ್ತೇನೆ. ಮಾವ ಬಾಯಿ ಬಿಡದೆ ಇಡೀ ಕೇರಿಯನ್ನು ಒಂದೇ ಹೆಜ್ಜೆಗೆ ತರುತ್ತಿದ್ದ.

ಕ್ರಾಂತಿ ಅಪ್ಪನಿಂದ ಕಲಿಯಲಿಲ್ಲ. ಅದರಲ್ಲಿ ಮಾವನ ತಪ್ಪೂ ಇದೆ, ಮುಚ್ಚಿಡುವುದೇಕೆ? ಚಿಕ್ಕವನಿದ್ದಾಗ ಕೂರಿಸಿಕೊಂಡು ಕಲಿಸಲು ಹೋಗಿ, ನಡುವೆ ಒಂದು ಪೆಟ್ಟು ಸೇರಿಸಿದನೆಂದು ಬೆರಳ ಗಿಣ್ಣಿನ ಮೇಲೆ ಕೋಲಿನಿಂದ ಹೊಡೆದ. ಹುಡುಗ ಮತ್ತೆ ಅಪ್ಪನ ಮುಂದೆ ಕೂರಲಿಲ್ಲ. ಮೊಬೈಲು ನೋಡಿ ಕಲಿತ. ಕೈಗೆ ಬೊಬ್ಬೆ ಬರುವ ತನಕ ಬಾರಿಸಿ ಕಲಿತ, ಅದನ್ನೂ ಒಪ್ಪುತ್ತೇನೆ. ಕೋಲನ್ನು ಮೇಲಕ್ಕೆಸೆದು ತಿರುಗಿ ಹಿಡಿಯುತ್ತಿದ್ದ, ಬೆನ್ನ ಹಿಂದೆ ಕೈ ಹಾಕಿ ಬಾರಿಸುತ್ತಿದ್ದ, ಎರಡೂ ಕೈ ಕಣ್ಣಿಗೆ ಕಾಣದಷ್ಟು ಜೋರು. ಫೈಬರ್ ಹಲಗೆ ತಂದ, ಗೆಳೆಯರನ್ನು ಸೇರಿಸಿ ತಂಡ ಕಟ್ಟಿದ, ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿಸಿದ. ಅವರು ಬಾರಿಸಲು ಶುರು ಮಾಡಿದರೆ ಜನ ಸುತ್ತ ನಿಂತು ಮೊಬೈಲು ಎತ್ತುತ್ತಿದ್ದರು. ಒಬ್ಬರ ಕಾಲೂ ಅಲುಗುತ್ತಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಕೇರಿಯವರೇ ನಮ್ಮ ಹಲಗೆಯ ಮುಂದೆ ಟಿಕೆಟ್ಟು ತೆಗೆದುಕೊಂಡು ಬಂದವರ ಹಾಗೆ ನಿಲ್ಲುವುದೆಂದರೇನು?

"ಪೆಟ್ಟು ನಂದು, ನಡುವಿನ ಜಾಗ ಕುಣಿಯೋರ್ದು" ಎಂದು ಮಾವ ಒಮ್ಮೆ ಮಗನ ಮೇಲೆ ಕೂಗಾಡಿದ್ದ. "ಅದನ್ನೂ ನೀನಾ ತುಂಬಿದ್ರ ಅವ್ರು ಕಾಲು ಎಲ್ಲಿ ಇಡಬೇಕಲೇ?"

"ಈಗ ಯಾರು ಕುಣಿತಾರಪ್ಪ? ಎಲ್ಲಾರೂ ನೋಡ್ತಾರ" ಎಂದಿದ್ದ ಕ್ರಾಂತಿ.

ಹಡಗಲಿಯ ಸ್ಪರ್ಧೆಗೆ ಕ್ರಾಂತಿ ಅಪ್ಪನನ್ನೂ ಕರೆದುಕೊಂಡು ಹೋಗಿದ್ದು ಹಂಪಮ್ಮತ್ತೆ ಹಟ ಹಿಡಿದದ್ದಕ್ಕೆ. ತೀರ್ಪುಗಾರನ ಮಾತಿನ ನಂತರ ಬಸ್‌ಸ್ಟ್ಯಾಂಡಿನಲ್ಲಿ, ನಮ್ಮೆಲ್ಲರ ಎದುರಿಗೇ, ಕ್ರಾಂತಿ ಮೆಲ್ಲಗೆ ಹೇಳಿದ: "ಅಪ್ಪಾ, ಮುಂದಿನ ಪ್ರೋಗ್ರಾಮಿಗೆ ನೀ ಬರೋದು ಬ್ಯಾಡ ಬಿಡು." ಮೆಲ್ಲಗೆ ಹೇಳಿದ್ದೇ ನನಗೆ ಹೆಚ್ಚು ಚುಚ್ಚಿತು. ಮಾವ ನೇರ ಬಸ್ಸು ಹತ್ತಿದ. ಮನೆಗೆ ಹೋಗಿ ಹಲಗೆಯನ್ನು ಅಟ್ಟಕ್ಕೆ ಎಸೆದು, ಇನ್ನು ಮುಟ್ಟುವುದಿಲ್ಲ ಎಂದನಂತೆ. ಮುಂದಿನ ಸ್ಪರ್ಧೆ ಹರಪನಹಳ್ಳಿಯಲ್ಲಿತ್ತು. ಮಾವನಿಲ್ಲದೆ ಹೋದ ತಂಡಕ್ಕೆ ಮೊದಲ ಬಹುಮಾನ ಬಂತು. ಕ್ರಾಂತಿ ಫೋಟೊ ಕಳಿಸಿದ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಇಟ್ಟಿಗಿಯ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಳು.

ಮಧ್ಯಾಹ್ನಕ್ಕೆ ಮಾವ ಬಂದ. ಹಿಂದೆಯೇ ಕ್ರಾಂತಿ ತನ್ನ ತಂಡದ ಸಮೇತ ಬಂದ, ಅದೇ ಬಣ್ಣದ ಅಂಗಿಯಲ್ಲಿ. ಅತ್ತೀ ಎಂದು ಅವ್ವನ ಕಾಲಮೇಲೆ ಬಿದ್ದು ಅತ್ತ. ಅವನನ್ನು ಅವ್ವ ಎತ್ತಿ ಆಡಿಸಿದ್ದಳು. ಆ ಅಳು ಸುಳ್ಳಲ್ಲ. ನಾನು ಮಾವನನ್ನು ಹಿತ್ತಲಿಗೆ ಕರೆದು, "ಹಲಗಿ ನೀನಾ ಬಾರಿಸಬೇಕು" ಅಂದೆ.

"ಮುಟ್ಟಲ್ಲ ಅಂದೀನಿ. ಹೆಗಲು ಕೊಡ್ತೀನಿ."

"ನಿನ್ನ ಅಕ್ಕಗೂ ಬಾರಿಸಾಂಗಿಲ್ಲೇನು?"

"ಅವ್ನು ಬಂದಾನಲ್ಲ ಬಹುಮಾನದವ. ಬಾರಸ್ಲಿ."

ಆ ಹೊತ್ತಿನಲ್ಲಿ ನನಗೆ ಮಗನಿಗಿಂತ ಅಪ್ಪನ ಮೇಲೆಯೇ ಸಿಟ್ಟು ಬಂತು. ಹೆಣದ ಮುಂದೆಯೂ ಬಿಗಿದುಕೊಂಡು ನಿಲ್ಲುವ ಈ ಗಂಡಸರ ಹಟಕ್ಕೆ ಬೆಂಕಿ ಬೀಳಲಿ ಅನಿಸಿತು. ನಾನೂ ಹೆಗಲು ಕೊಡುತ್ತೇನೆಂದು ಹೇಳಿ ಹೊರಗೆ ಬಂದೆ. ಕೇರಿಯ ಹಿರಿಯ ಪಾಲಣ್ಣ ತಾತ ರಾಗ ಎಳೆದರು: "ಹೆಣ್ಣುಮಗಳು ಹೊರೋದಾ ಯವ್ವಾ?" ನನಗೆ ತಡೆಯಲಾಗಲಿಲ್ಲ. "ಸಾಲಿಯಾಗ ಹುಡುಗ್ರಿಗೆ ಗುಂಡು ಎಸಿಯಾದು ಕಲಸ್ತೀನಿ ತಾತ, ನಮ್ಮವ್ವನ್ನ ಹೊರಾಕ ಬರಲ್ಲೇನು?" ಅಂದೆ. ಅವರು ಪಕ್ಕಕ್ಕೆ ಸರಿದರು.

ನಮ್ಮ ಸುಡುಗಾಡಿನ ದಾರಿಯ ಬಗ್ಗೆ ಹೇಳಬೇಕು. ಊರೊಳಗಿನ ರಸ್ತೆಯಲ್ಲಿ ನಮ್ಮ ಹೆಣ ಹೋಗಬಾರದೆಂದು ಊರ ದೊಡ್ಡವರು ಹಿಂದೆ ಕಟ್ಟಳೆ ಮಾಡಿದ್ದರಿಂದ, ಕೇರಿಯ ಹಿಂದಿನಿಂದ ಹಳ್ಳಕ್ಕೆ ಇಳಿದು, ಕಲ್ಲು ದಾಟಿ, ಆಚೆಯ ದಿಬ್ಬ ಹತ್ತಬೇಕು. ಈಗ ಯಾರೂ ತಡೆಯುವುದಿಲ್ಲ, ಆದರೆ ದಾರಿ ಅದೇ ಉಳಿದಿದೆ. ಒಮ್ಮೆ ಎತ್ತಿದ ಚಟ್ಟವನ್ನು ದಿಬ್ಬದ ಮೇಲಿನ ಬೇವಿನ ಮರದ ತನಕ ಇಳಿಸುವಂತಿಲ್ಲ. ಹೊರುವ ನಾಲ್ಕು ಜನ ಒಬ್ಬರ ಕಾಲು ಒಬ್ಬರಿಗೆ ಕಾಣದೆ ನಡೆಯಬೇಕು. ಹಲಗೆ ಇರುವುದು ಅವರಿಗಾಗಿ. ಅದಕ್ಕೇ ಕೇರಿಯಲ್ಲಿ ಮೊದಲೆಲ್ಲ ಹೆಣ ಹೊತ್ತು ಬಂದವನ ಕೈಗೆ ಮಾತ್ರ ಸಾವಿನ ಹಲಗೆ ಕೊಡುತ್ತಿದ್ದರು. ಕ್ರಾಂತಿ ಒಮ್ಮೆಯೂ ಹೊತ್ತವನಲ್ಲ. ಅದನ್ನು ಕೇಳಬೇಕೆಂಬುದು ಅಂದು ಯಾರಿಗೂ ನೆನಪಾಗಲಿಲ್ಲ.

ಮುಂದೆ ಬಲಕ್ಕೆ ನಾನು, ಎಡಕ್ಕೆ ಮಾವ, ಹಿಂದೆ ಕೇರಿಯ ಇಬ್ಬರು. ಬಿದಿರು ಹೆಗಲಿಗೆ ಕೂತೊಡನೆ ಅವ್ವ ಇಷ್ಟು ಭಾರವಿದ್ದಳೇ ಅನಿಸಿತು. ನನಗೆ ಬೇಕಿದ್ದದ್ದು ಒಂದೇ: ಅವಳನ್ನು ಅಲುಗಾಡಿಸದೆ, ನೆಟ್ಟಗೆ, ಮಣ್ಣಿಗೆ ಮುಟ್ಟಿಸುವುದು. ಜೀವಮಾನವೆಲ್ಲ ಯಾರ ಮುಂದೆಯೂ ಬಾಗದೆ ನಡೆದವಳು ಅವಳು.

ಕೇರಿ ದಾಟುವ ತನಕ ಸರಿಯಿತ್ತು. ಹಳ್ಳದ ಇಳಿಜಾರು ಬಂದಾಗ ಕ್ರಾಂತಿ ಹಿಂದಕ್ಕೆ ತಿರುಗಿ, ನಮ್ಮ ಮುಖಕ್ಕೆ ಮುಖ ಮಾಡಿ, ಹಲಗೆಯ ಮೇಲೆ ಕೈ ಹರಿಯಬಿಟ್ಟ. ಅವನ ಹಿಂದೆ ಐದು ಹಲಗೆ. ಒಬ್ಬೊಬ್ಬನದೂ ಒಂದೊಂದು ಬಗೆಯ ಪೆಟ್ಟು, ಒಂದರೊಳಗೊಂದು ನುಗ್ಗಿ ಉರುಳುತ್ತಿದ್ದವು. ನನ್ನ ಕಾಲಿಗೆ ಜಾಗ ಸಿಗಲಿಲ್ಲ. ಹೆಜ್ಜೆ ಎತ್ತುವಷ್ಟರಲ್ಲಿ ಎರಡು ಪೆಟ್ಟು ಬಿದ್ದಿರುತ್ತಿದ್ದವು, ಇಡುವಷ್ಟರಲ್ಲಿ ಮತ್ತೆ ಆರು. ಹಿಂದಿನವರು ಜೋರಾದರು, ಮಾವ ನಿಧಾನವಾದ, ಬಿದಿರು ನನ್ನ ಕತ್ತಿಗೆ ಒತ್ತಿತು. ದಡದ ಮೇಲೆ ಊರಿನ ಹುಡುಗರು ಮೊಬೈಲು ಎತ್ತಿದ್ದರು. ಕ್ರಾಂತಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೋಲು ಗಾಳಿಯಲ್ಲಿ ತಿರುಗುತ್ತಿತ್ತು.

ಚಟ್ಟ ಬಲಕ್ಕೆ ವಾಲಿತು. ಹೊದಿಸಿದ ಬಿಳಿ ಬಟ್ಟೆ ಸರಿದು ಅವ್ವನ ಕೈ ಹೊರಗೆ ಜಾರಿ ನನ್ನ ಕಿವಿಯ ಹತ್ತಿರ ತೂಗಾಡಿತು.

"ನಿಲ್ಸಲೇ ಕ್ರಾಂತೀ! ಅವ್ವ ಬೀಳ್ತಾಳ!" ಎಂದು ಕಿರುಚಿದೆ. ಅವನಿಗೆ ಕೇಳಿಸಲೇ ಇಲ್ಲ, ಅಷ್ಟು ಸದ್ದು. ಪಾಲಣ್ಣ ತಾತ ಓಡಿಹೋಗಿ ಅವನ ರಟ್ಟೆ ಹಿಡಿದು ನಿಲ್ಲಿಸಿದರು. ಎಲ್ಲ ಹಲಗೆಗಳೂ ನಿಂತವು. ನಾವು ನಾಲ್ವರು ಇಳಿಜಾರಿನ ನಡುವೆ ಅರ್ಧ ಬಾಗಿದ ಮಂಡಿಯಲ್ಲಿ ನಿಂತಿದ್ದೆವು. ಇಳಿಸುವಂತಿಲ್ಲ, ಮುಂದೆ ಹೋಗಲು ಹೆಜ್ಜೆ ಇಲ್ಲ. ಅವ್ವನ ಮುಂದೆಯೇ ಸೋಲುತ್ತೇನೆಂಬ ಸಿಟ್ಟಿಗೆ ಅಳು ಬಂತು.

"ಬಾ ಇಲ್ಲಿ" ಎಂದ ಮಾವ. ಕೂಗಲಿಲ್ಲ. "ಹೆಗಲು ಕೊಡು."

"ಅಪ್ಪಾ, ನಾನು…"

"ಹಲಗಿ ಹಿಂಗ ಕೊಡು, ಹೆಗಲು ಹಂಗ ಕೊಡು. ಲಗೂ."

ಕ್ರಾಂತಿ ಬಂದು ಬಿದಿರಿನ ಕೆಳಗೆ ತಲೆ ತೂರಿಸಿದ. ಮಾವ ಅವ್ವನ ಕೈಯನ್ನು ಬಟ್ಟೆಯೊಳಗೆ ಇಟ್ಟು, ಮಗನ ಫೈಬರ್ ಹಲಗೆಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ಹೋದ. ನಮಗೆ ಬೆನ್ನು ಮಾಡಿ ನಿಂತ. ತಂಡದ ಹುಡುಗರಿಗೆ ಕೈ ತೋರಿಸಿ ಸುಮ್ಮನಿರಿಸಿದ. ಆಮೇಲೆ ಬಲಗೈಯ ಪೆಟ್ಟು ಬಿತ್ತು. ಅದರ ಬೆನ್ನಿಗೆ ಕಡ್ಡಿ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆ ನನ್ನ ಕಾಲು ತಾನಾಗಿಯೇ ಹೋಗಿ ಊರಿತು.

ಪಕ್ಕದಲ್ಲಿ ಕ್ರಾಂತಿ ತಡವರಿಸುತ್ತಿದ್ದ. ಎರಡು ಸಲ ನನ್ನ ಕಾಲು ತುಳಿದ. ಹಳ್ಳದ ಕಲ್ಲು ದಾಟುವಷ್ಟರಲ್ಲಿ ಅವನ ಹೆಜ್ಜೆಯೂ ಸಿಕ್ಕಿತು. ದಿಬ್ಬ ಹತ್ತುವಾಗ ಪೆಟ್ಟು ಒಂಚೂರು ನಿಧಾನವಾಯಿತು. ನಮ್ಮ ಉಸಿರು ಕೇಳಿಸಿಕೊಂಡೇ ನಿಧಾನ ಮಾಡಿದನೆಂದು ಕಾಣುತ್ತದೆ. "ಹಂಗಾ ಇರ್ಲಿ ಅಪ್ಪಾ, ಬದಲು ಮಾಡಬ್ಯಾಡ" ಎಂದು ಕ್ರಾಂತಿ ಏದುಸಿರಿನಲ್ಲಿ ಅಂದ. ಮಾವ ತಿರುಗಿ ನೋಡಲಿಲ್ಲ. ಬೇವಿನ ಮರದವರೆಗೂ ಅವ್ವ ಒಂದು ಕಡೆಗೂ ವಾಲಲಿಲ್ಲ.

ಮಣ್ಣು ಮಾಡಿ ಎಲ್ಲರೂ ಹಳ್ಳದಲ್ಲಿ ಕೈಕಾಲು ತೊಳೆಯುವಾಗ ನಾನು ಕ್ರಾಂತಿಯನ್ನು ಬಾಯಿಗೆ ಬಂದಂತೆ ಬೈದೆ. ಮೊದಲು ತಲೆ ತಗ್ಗಿಸಿ ಕೇಳಿದ, ಆಮೇಲೆ ಅವನೂ ಸಿಡಿದ. ನನಗಲ್ಲ, ಅಪ್ಪನಿಗೆ.

"ಅತ್ತಿಗಂತ ನನಗ ಬರೋದೆಲ್ಲಾ ಬಾರಿಸಿದ್ನಿ ನಾನು. ಅಳಕೋಂತ ಬಾರಿಸಿದ್ನಿ. ನಿನಗ? ಒಡಹುಟ್ಟಿದಾಕಿ. ಒಂದು ಹನಿ ಬರ್ಲಿಲ್ಲ ನಿನ್ನ ಕಣ್ಣಾಗ. ಒಂದು ಪೆಟ್ಟೂ ತಪ್ಪಲಿಲ್ಲ ನಿನಗ!"

ಮಾವ ಹಲಗೆಯನ್ನು ಹೆಗಲಿನಿಂದ ತೆಗೆದು ಕಲ್ಲಿನ ಮೇಲೆ ಇಟ್ಟ. ಎಂದಿನ ಹಾಗೆ ಕೂಗಾಡುತ್ತಾನೆಂದು ನಾವೆಲ್ಲ ಕಾದೆವು.

"ಬಂದಿತ್ತು" ಅಂದ. "ಅತ್ತಿದ್ರ ಕೈ ತಪ್ಪತಿತ್ತು. ಕೈ ತಪ್ಪಿದ್ರ ಅಕ್ಕ ಬೀಳ್ತಿದ್ಲು."

ಅಷ್ಟು ಹೇಳಿ ಅಲ್ಲೇ ನೀರಿನ ಅಂಚಿಗೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ದನಿ ತೆಗೆದು ಅತ್ತ.