ಹುಸೇನಬಿಯ ಕಪ್ಪು

ವಾಡಿ ಸ್ಟೇಷನ್ ಎದುರು ನಜಮುನ್ನೀಸಾ ತಮ್ಮ ಅತ್ತೆಯಿಂದ ಬಂದ ಚಹಾದಂಗಡಿ ನಡೆಸುತ್ತಾರೆ. ಒಂದು ದಿನ ಇಬ್ಬರು ಕಾಲೇಜು ಹುಡುಗಿಯರು ಬಂದು, ಈ ಭಾಗದ ಚಹಾದ ಇತಿಹಾಸ ಬರೆಯುತ್ತಿದ್ದೇವೆ, ಅಂಗಡಿ ಯಾವಾಗ ಶುರುವಾಯಿತು ಎಂದು ಕೇಳಿದರು. ಹಿಂದೊಮ್ಮೆ ಹೀಗೆಯೇ ಬರೆದುಕೊಂಡು ಹೋದವರ ಬೆನ್ನಿಗೇ ಅಂಗಡಿ ತೆರವು ಮಾಡಲು ನೋಟಿಸು ಬಂದಿತ್ತು.

“ಚಹಾಕ್ಕ ಎಂಥಾ ಇತಿಹಾಸ? ನಿಮ್ಮನ್ನ ಯಾರು ಕಳಿಸ್ಯಾರ?” ಎಂದರು ನಜಮುನ್ನೀಸಾ.

“ಯಾರೂ ಕಳಿಸಿಲ್ಲ ಚಾಚಿ,” ಎಂದಳು ಭಾಗ್ಯ ಎಂಬ ಹುಡುಗಿ. “ನಮ್ಮ ಮುತ್ಯಾ ಶಹಾಬಾದದಾಗ ಕಲ್ಲು ಒಡೀತಿದ್ರು. ಬ್ಯಾರೆ ಹೋಟೆಲಿನ್ಯಾಗ ನಮ್ಮ ಮಂದಿಗಿ ಬ್ಯಾರೆ ಕಪ್ಪು ಇಡ್ತಿದ್ರಂತ. ಇಲ್ಲಿ ಮಾತ್ರ ಎಲ್ಲಾರಿಗೂ ಒಂದೇ ನಮೂನಿ ಕಪ್ಪು ಅಂತ ಅವ್ರು ಹೇಳ್ತಿದ್ರು.”

ನಜಮುನ್ನೀಸಾ ಬೆಂಚು ಒರೆಸಿದರು.

“ಕುಂದ್ರಿ. ಅದಕ್ಕೇ ಅರ್ಧ ಗಿರಾಕಿ ಬಿಟ್ಟು ಹೋದ್ರು. ಅತ್ತಿ ಮಾತ್ರ ಬ್ಯಾರೆ ಕಪ್ಪು ಇಡಲಿಲ್ಲ. ಹುಸೇನಬಿ ಅಂತ ಅವರ ಹೆಸರು ಬರಕೋರಿ. ನನ್ನ ಹೆಸರು, ಅಂಗಡಿ ಫೋಟೊ ಎರಡೂ ಬ್ಯಾಡ.”