ಚೀನಾ ಮೇಸ್ತ್ರಿಯ ಮನೆತನದ ಹೆಸರು

ಬಣಕಲ್‌ನಿಂದ ಕೊಟ್ಟಿಗೆಹಾರದವರೆಗಿನ ತೋಟದ ಮನೆಗಳಲ್ಲಿ ಚೀನಾ ಮೇಸ್ತ್ರಿ ಮಾಡಿದ ಬಾಗಿಲುಗಳು ಇಂದಿಗೂ ಇವೆ. ಮಳೆಗಾಲದಲ್ಲಿ ಮರ ಉಬ್ಬಿ ಉಳಿದವೆಲ್ಲ ಚೌಕಟ್ಟಿಗೆ ಕಚ್ಚಿಕೊಂಡಾಗಲೂ ಅವು ಬೆರಳಿನ ಒತ್ತಡಕ್ಕೇ ತೆರೆದುಕೊಳ್ಳುತ್ತವೆ. ಮೇಸ್ತ್ರಿ ತೀರಿಕೊಂಡದ್ದು ೨೦೦೪ರಲ್ಲಿ. ಕ್ಯಾಂಟನ್ ಕಡೆಯ ಬಡಗಿಯೊಬ್ಬರ ಮಗ. ಕಲ್ಕತ್ತೆಯಲ್ಲಿ ಹುಟ್ಟಿ, ಅಣ್ಣನೊಂದಿಗೆ ಮಂಗಳೂರಿಗೆ ಬಂದು, ಐವತ್ತರ ದಶಕದ ಕೊನೆಯಲ್ಲಿ ಒಬ್ಬರೇ ಘಟ್ಟ ಹತ್ತಿದವರು. ಇಲ್ಲಿಯ ತುಂಗಮ್ಮನನ್ನು ಮದುವೆಯಾಗಿ ಕೊಟ್ಟಿಗೆಹಾರದ ಅಂಚಿನಲ್ಲಿ ಮನೆ ಮಾಡಿದ್ದರು. ಊರು ಕೊಟ್ಟ ಹೆಸರಿಗೇ ತಿರುಗಿ ನೋಡುತ್ತಿದ್ದರು. ಬೇರೆ ಹೆಸರೊಂದು ಇದ್ದೀತೆಂದು ನಾವು ಯಾರೂ ಯೋಚಿಸಿರಲಿಲ್ಲ.

೧೯೯೮ರ ಮಳೆಗಾಲ ಮುಗಿಯುತ್ತಿದ್ದಾಗ ತುಂಗಮ್ಮ ನಮ್ಮ ತೋಟಕ್ಕೆ ಬಂದರು.

“ಗೌಡ್ರೇ, ನೀವು ಓದ್ಕೊಂಡೋರು. ಇವ್ರಿಗೆ ಸ್ವಲ್ಪ ಬುದ್ಧಿ ಹೇಳಿ. ಸಂಜೆ ಆದ್ರೆ ಸಾಕು, ಅಂಗಳದ ತುದಿಗೆ ಹೋಗಿ ನಿಲ್ತಾರೆ. ಯಾರೋ ಕರೀತಾರಂತೆ. ಮೊನ್ನೆ ಓಗೊಡೋಕೆ ಬಾಯಿ ತೆಗ್ದಿದ್ರು, ನಾನೇ ಸೆರಗು ಒತ್ತಿ ಹಿಡ್ದೆ. ಓಗೊಟ್ಟು ಅದ್ರ ಹಿಂದೆ ಹೊರಟ್ರೆ ಮತ್ತೆ ಸಿಗ್ತಾರಾ?”

ಕಾಡಿನ ಕಡೆಯಿಂದ ಬರುವ ಮೊದಲ ಕರೆಗೆ ನಮ್ಮಲ್ಲಿ ಯಾರೂ ಓಗೊಡುವುದಿಲ್ಲ. ಮನುಷ್ಯನಾದರೆ ಇನ್ನೊಮ್ಮೆ ಕರೆಯುತ್ತಾನೆ, ಮನುಷ್ಯನಲ್ಲದ್ದು ಒಮ್ಮೆ ಮಾತ್ರ ಕರೆಯುತ್ತದೆ ಎಂಬ ನಂಬಿಕೆ. ನನಗೆ ಅಂಥ ಭಯವಿರಲಿಲ್ಲ. ಅಸ್ಪಷ್ಟವಾದ ಸದ್ದಿನಿಂದ ಪರಿಚಿತವಾದ ಮಾತನ್ನು ಹೆಣೆದುಕೊಳ್ಳುವುದು ಮಿದುಳಿನ ಸ್ವಭಾವ. ವಯಸ್ಸಾದ ಕಿವಿಯಲ್ಲಿ ಅದು ಇನ್ನೂ ಹೆಚ್ಚು. ಇದನ್ನೇ ಸರಳವಾಗಿ ವಿವರಿಸುವ ಸಿದ್ಧತೆಯಲ್ಲಿ ಹೋದೆ.

ಮೇಸ್ತ್ರಿ ಜಗಲಿಯಲ್ಲಿ ಕುಳಿತು ಉಳಿ ಮಸೆಯುತ್ತಿದ್ದರು.

“ಏನು ಕೇಳ್ಸುತ್ತೆ ಮೇಸ್ತ್ರಿ?”

“ಲಮ್ ಅಂತ.”

“ಕಪ್ಪೆ ಇರ್ಬೇಕು ಮಾರಾಯ್ರೆ.”

“ಕಪ್ಪೆಗೆ ನಮ್ಮನೆ ಹೆಸ್ರು ಯಾರು ಹೇಳ್ಕೊಟ್ರು ಗೌಡ್ರೇ?” ಎಂದು ನಕ್ಕರು. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಹಲಗೆಯ ತುಂಡಿನ ಮೇಲೆ ಗೀಚಿದರು. “ಇದು ಒಂದು ಮರ. ಪಕ್ಕದಲ್ಲಿ ಇನ್ನೊಂದು. ಎರಡು ಸೇರಿದ್ರೆ ಕಾಡು. ಅದೇ ಲಮ್. ಉತ್ತರದೋರು ಲಿನ್ ಅಂತಾರೆ, ದನಿ ಮೇಲೆ ಏರುತ್ತೆ. ಇನ್ನೊಂದು ಕಡೆ ಜನ ಲಿಮ್ ಅಂತಾರೆ. ನಮ್ದು ತಗ್ಗಲ್ಲೇ ಹೊರಟು ಇನ್ನೂ ತಗ್ಗಿಗೆ ಇಳೀಬೇಕು. ಬರೆಯೋದು ಮಾತ್ರ ಎಲ್ರೂ ಹೀಗೇ.”

ಆ ಹೆಸರಿನ ಹುಟ್ಟನ್ನೂ ತಂದೆಯಿಂದ ಕೇಳಿದಂತೆ ಹೇಳಿದರು. ಮೂರು ಸಾವಿರ ವರ್ಷಗಳ ಹಿಂದೆ ಒಬ್ಬ ಕ್ರೂರಿ ರಾಜ, ಅವನಿಗೆ ಬುದ್ಧಿ ಹೇಳಿದ ಮಂತ್ರಿ. ಸಜ್ಜನನ ಹೃದಯ ಹೇಗಿರುತ್ತದೆ ನೋಡೋಣವೆಂದು ರಾಜ ಅವನ ಎದೆ ಸೀಳಿಸಿದ. ಮಂತ್ರಿಯ ಬಸುರಿ ಹೆಂಡತಿ ಕಾಡಿಗೆ ಓಡಿ ಅಲ್ಲಿ ಹೆತ್ತಳು. ಮುಂದೆ ಬಂದ ರಾಜ ಆ ಮಗುವಿಗೆ ಕಾಡನ್ನೇ ಮನೆತನದ ಹೆಸರಾಗಿ ಕೊಟ್ಟ. ದೊಡ್ಡ ಮನೆತನಗಳು ಇಂಥ ಮೂಲಪುರುಷರನ್ನು ತಡವಾಗಿ ಹುಡುಕಿಕೊಳ್ಳುವುದುಂಟು. ಎಷ್ಟೋ ಶತಮಾನಗಳ ನಂತರ ಬೇರೆ ಬುಡಕಟ್ಟಿನವರೂ ಆ ಹೆಸರನ್ನು ಧರಿಸಿದರೆಂದು ಮುಂದೆ ಓದಿದೆ. ಆ ಸಂಜೆ ಮಾತ್ರ ಕಥೆಯನ್ನು ಅಲ್ಲಗಳೆಯಲು ಮನಸ್ಸಾಗಲಿಲ್ಲ.

“ಈ ಹೆಸ್ರು ಹಿಡಿದು ಕರೆದೋರು ಯಾರು?” ಎಂದೆ.

“ನಮ್ಮಣ್ಣ.”

ಚೀನಾದೊಂದಿಗೆ ಯುದ್ಧ ನಡೆಯುತ್ತಿದ್ದ ೧೯೬೨ರ ನವೆಂಬರ್. ಮೇಸ್ತ್ರಿ ಆಗ ರಸ್ತೆಯ ಮೇಲ್ಬದಿಯ ತೋಟದಲ್ಲಿ ಶೆಡ್ಡು ಕಟ್ಟುತ್ತಿದ್ದರು. ಮಂಜು ಕವಿದ ಸಂಜೆ. ಕೆಳಗಿನ ರಸ್ತೆಯಿಂದ ಒಂದೇ ಒಂದು ಕೂಗು ಬಂತು: ಲಮ್. ಇವರು ಉತ್ತರ ಕೊಡಲು ಬಾಯಿ ತೆರೆದರು. ಜೊತೆಯಲ್ಲಿ ಗರಗಸ ಎಳೆಯುತ್ತಿದ್ದ ಬೆಳ್ಳಿಯಪ್ಪ ಅಂಗೈಯಿಂದ ಬಾಯಿ ಮುಚ್ಚಿಬಿಟ್ಟ. “ಸುಮ್ನಿರೋ ಮಾರಾಯ, ಮೊದಲ್ನೇ ಕರೆ ಅದು. ಇನ್ನೊಂದ್ಸಲ ಕರೀಲಿ.” ಇಬ್ಬರೂ ಕಾದರು. ಇನ್ನೊಂದು ಕರೆ ಬರಲಿಲ್ಲ. ಜೀಪೊಂದು ಹೊರಟ ಸದ್ದು ಬಂತು.

ಮರುದಿನ ಹೋಟೆಲಿನವನು ಹೇಳಿದ. ಮಂಗಳೂರಿನಿಂದ ಪೊಲೀಸರು ಒಬ್ಬನನ್ನು ಕಡೂರಿನ ರೈಲಿಗೆ ಒಯ್ಯುತ್ತಿದ್ದರು. ಘಟ್ಟ ಹತ್ತಿ ಇಂಜಿನ್ ಕಾದಿತ್ತು, ನೀರಿಗೆಂದು ನಿಲ್ಲಿಸಿದ್ದರು. “ಮುಖ ನಿನ್ನ ಹಾಗೇ ಇತ್ತು,” ಎಂದ. ಯುದ್ಧದ ಕಾರಣಕ್ಕೆ ಚೀನೀಯರನ್ನು ಕೂಡಿಹಾಕಿದ್ದ ರಾಜಸ್ಥಾನದ ಶಿಬಿರಕ್ಕೆ ಅಣ್ಣ ಹೋದ, ಅಲ್ಲಿಂದ ಹಡಗಿನಲ್ಲಿ ಚೀನಾಕ್ಕೆ ಕಳಿಸಿದರು ಎಂಬಷ್ಟು ಆಮೇಲೆ ತಿಳಿಯಿತು. ತಮ್ಮನನ್ನು ತೋಟದ ಯಜಮಾನರು ನೇಪಾಳದವನೆಂದು ಹೇಳಿ ಉಳಿಸಿಕೊಂಡರು.

“ಅವ್ನು ಕರೆದ, ನಾನು ಓಗೊಡ್ಲಿಲ್ಲ. ಈಗ್ಲೂ ಕರೀತಾನೆ. ಇವ್ಳು ಬಿಡಲ್ಲ.”

ಅಂದು ಕೇಳಿದ್ದು ನಿಜಕ್ಕೂ ಒಂದು ಮಾತೇ ಎಂಬುದನ್ನು ಪರೀಕ್ಷಿಸಲೆಂದು ಕೇಳಿದೆ: “ಮನೇಲೂ ನಿಮ್ಮಣ್ಣ ನಿಮ್ಮನ್ನ ಲಮ್ ಅಂತ್ಲೇ ಕರೀತಿದ್ರಾ?”

“ಇಲ್ಲಪ್ಪ. ಆ-ವಿಂಗ್ ಅಂತಿದ್ದ.”

ಬಾಗಿಲಲ್ಲಿ ನಿಂತಿದ್ದ ತುಂಗಮ್ಮ ತಟ್ಟನೆ ಹೇಳಿದರು. “ಮತ್ತೆ? ಸ್ವಂತ ತಮ್ಮನ್ನ ಮನೆತನದ ಹೆಸ್ರಲ್ಲಿ ಯಾರು ಕರೀತಾರೆ? ನಿಮ್ ಹೆಸ್ರು ಕೂಗಿದ್ರೆ ಪೊಲೀಸ್ರು ನಿಮ್ಮನ್ನೂ ಹುಡುಕ್ತಿದ್ರು. ಅವ್ನು ತನ್ ಹೆಸ್ರು ತಾನೇ ಕೂಗ್ಕೊಂಡ. ಹೋಗ್ತಿದೀನಿ ಅಂತ ನಿಮ್ಗೆ ಗೊತ್ತಾಗ್ಲಿ ಅಂತ.”

ಮಸೆಗಲ್ಲಿನ ಮೇಲೆ ಕೈ ನಿಂತಿತು. ಸಮಾಧಾನ ಕಾಣಿಸಬಹುದೆಂದು ಅವರ ಮುಖ ನೋಡಿದೆ, ಕಾಣಿಸಲಿಲ್ಲ. ಮೂವತ್ತಾರು ವರ್ಷ ಓಗೊಡದ ಕರೆಯೊಂದಿಗೆ ಬದುಕಿದವರಿಗೆ ಈಗ ಆ ಕರೆಯೂ ಇಲ್ಲವಾಗಿತ್ತು.

“ಹಾಗಾದ್ರೆ ನನ್ನ ಕರೀಲೇ ಇಲ್ಲ,” ಎಂದರು. “ನನ್ನ ಬಿಟ್ಟು ಹೋದ.”

ಎದ್ದು ಅಂಗಳದ ತುದಿಗೆ ನಡೆದರು. ಬೆಳಕು ಕರಗುತ್ತಿತ್ತು, ಮಂಜು ಏರುತ್ತಿತ್ತು. ತುಂಗಮ್ಮ ಹಿಂದೆಯೇ ಓಡಿದರು. ಈ ಬಾರಿ ಬಾಯಿಗೆ ಸೆರಗು ಒತ್ತಲಿಲ್ಲ, ಬೆನ್ನ ಹಿಂದೆ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮೇಸ್ತ್ರಿ ಮಂಜಿನೊಳಕ್ಕೆ ಒಮ್ಮೆ ಕೂಗಿದರು: “ಲಮ್!” ದನಿ ತಗ್ಗಲ್ಲಿ ಹೊರಟು ಇನ್ನೂ ತಗ್ಗಿಗೆ ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಕೆಳಗಿನ ಮಂಜಿನಿಂದ ಅದೇ ಮಾತು ಒಮ್ಮೆ ಬಂತು.

ಆ ದಿಕ್ಕಿನಲ್ಲಿ ಎದುರು ಗುಡ್ಡವಿಲ್ಲ. ನೆಲ ಚಾರ್ಮಾಡಿಯ ಕಡೆಗೆ ಒಮ್ಮೆಲೇ ಕುಸಿಯುತ್ತದೆ. ಪ್ರತಿಧ್ವನಿಗೆ ಗೋಡೆ ಬೇಕು. ಬೇರೆ ಬೇರೆ ಉಷ್ಣತೆಯ ಗಾಳಿಯ ಪದರಗಳಲ್ಲಿ ಶಬ್ದ ಬಾಗಿ ಹಿಂತಿರುಗಬಹುದು ಎಂದು ಓದಿದ್ದೇನೆ. ಅಷ್ಟು ಸ್ಪಷ್ಟವಾಗಿ, ಅಷ್ಟು ಹೊತ್ತಿನ ಮೇಲೆ ಹಿಂತಿರುಗಬಹುದೆಂದು ಮಾತ್ರ ಎಲ್ಲಿಯೂ ಓದಿಲ್ಲ.

“ಕೇಳ್ತಾ?” ಎಂದರು ಮೇಸ್ತ್ರಿ, ಹಿಂತಿರುಗದೆ.

“ಕೇಳ್ತು,” ಎಂದರು ತುಂಗಮ್ಮ. “ಅವ್ನು ಹೊರಟಾಯ್ತು. ನೀವು ಒಳಗೆ ಬನ್ನಿ.”

ಅವರು ಬಂದರು. ಒಲೆಯ ಮುಂದೆ ಕೂರಿಸಿದ ಮೇಲೂ ತುಂಗಮ್ಮ ಅಂಗಿಯನ್ನು ಬಿಡಲಿಲ್ಲ.