ಕ್ವಾಣ್ಯಾಗಿನಾಕಿ ಪಾಲು

ಹೋದ ಸೋಮವಾರ ಮಗಳ ಅತ್ತೆ ಹಿರೇಕೆರೂರಿನಿಂದ ಬಂದಿದ್ದರು. ಬಂದವರು ಕೈಕಾಲು ತೊಳೆದು ದೇವರ ಕೋಣೆಗೆ ಹೋಗಿ, ಜಗಲಿಯ ಮೇಲಿದ್ದ ಗಂಟೆ ಎತ್ತಿ ಬಾರಿಸಿದರು. ಗಂಟೆ ಠಣ್ ಎನ್ನಲಿಲ್ಲ. ಹಳೆಯ ಚಪ್ಪಲಿ ನೆಲಕ್ಕೆ ಬಿದ್ದಂತೆ ಟಪ್ ಎಂದು ಸುಮ್ಮನಾಯಿತು. ತಿರುಗಿಸಿ ನೋಡಿದರೆ ಅದರ ನಾಲಿಗೆಗೆ ನನ್ನ ಹಳೆಯ ಕುಪ್ಪಸದ ಅರಿವೆ ಸುತ್ತಿದೆ.

"ಇದೇನ್ರಿ ಬೀಗ್ತೇರ, ನಿಮ್ಮ ಗಂಟಿಗೆ ನೆಗಡಿ ಬಂದೈತೇನ್ರಿ?" ಎಂದರು.

ನಾನು ನಕ್ಕು ಚಹಾ ಕೊಟ್ಟೆ. ಅವರಿಗೆ ಬಸ್ಸಿನ ಹೊತ್ತಾಗಿತ್ತು, ಹೇಳಲಾಗಲಿಲ್ಲ. ನಿಮಗೆ ಬಸ್ಸಿನ ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮದು ಯಲವಿಗಿ. ಮನೆಯ ಹಿತ್ತಲಿಗೂ ರೈಲು ಹಳಿಗೂ ನಡುವೆ ಒಂದು ಬೇವಿನ ಮರ, ಒಂದು ತಿಪ್ಪೆ, ಅಷ್ಟೆ. ಗಾಡಿ ಹೋದಾಗ ನಾಗೊಂದಿ ಹಲಗೆಯ ಮೇಲಿನ ಕೊಡಗಳು ಒಂದನ್ನೊಂದು ಮಾತಾಡಿಸುತ್ತವೆ. ಮನೆಯಲ್ಲಿ ನಾವು ಮೂವರು: ನಾನು, ನಮ್ಮವರು, ಅತ್ತೆ. ನಮ್ಮವರು ಹೊಲದ ಜೊತೆಗೆ ಪಂಪ್‌ಸೆಟ್ಟು ರಿಪೇರಿ ಮಾಡುತ್ತಾರೆ. ಅತ್ತೆ ಹಂಸಭಾವಿಯ ಕಡೆಯವರು, ರಿಪೇರಿ ಮಾಡುವುದು ನನ್ನನ್ನು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಇಲಿ ಹೆಚ್ಚಾದವು. ಶೇಂಗಾ ಚೀಲ ಕಡಿದವು, ಸುಮ್ಮನಿದ್ದೆವು. ಕೌದಿ ಕಡಿದವು, ಹೊಲಿದೆವು. ಆಮೇಲೆ ದೀಪದೊಳಗಿನ ಎಣ್ಣೆ ಬತ್ತಿಗಳನ್ನೇ ಕದ್ದೊಯ್ಯತೊಡಗಿದವು. ಬೆಳಿಗ್ಗೆ ಎದ್ದು ನೋಡಿದರೆ ಹಣತೆ ತೊಳೆದಿಟ್ಟ ಹಾಗಿರುತ್ತಿತ್ತು. ಗಣಪತಿಯ ವಾಹನವಲ್ಲವೇ, ಹೋಗಲಿ ಬಿಡಿ ಎಂದೆ.

"ಗಣಪ್ಪಗ ಒಂದ ವಾಹನ ಸಾಕಬೇ. ಇಲ್ಲಿ ಡಿಪೋ ಮಾಡ್ಯಾನ," ಎಂದರು ಅತ್ತೆ. "ಒಂದು ಬೆಕ್ಕು ತರ್ರಿ."

ಆ ವಾರವೇ ನಾನೂ ನಮ್ಮವರೂ ಗೊಟಗೋಡಿಗೆ ಕಲ್ಲುಗೊಂಬೆಗಳ ತೋಟ ನೋಡಲು ಹೋಗಿದ್ದೆವು. ಇಷ್ಟು ಹತ್ತಿರ ಇದ್ದೂ ನೋಡಿಲ್ಲವೆಂದು ಮಗಳು ಫೋನಿನಲ್ಲಿ ಬೈದಿದ್ದಳು. ಅಲ್ಲಿ ರೊಟ್ಟಿ ಬಡಿಯುವ ಹೆಂಗಸಿನ ಗೊಂಬೆಯ ಮುಂದೆ ನಿಂತು ನಮ್ಮವರು, "ನೋಡು, ಎಷ್ಟ ಚಂದ ಸುಮ್ಮನ ಕುಂತಾಳ," ಎಂದರು. ಆ ಮಾತಿಗೆ ದಾರಿಯುದ್ದಕ್ಕೂ ಉತ್ತರ ಕೊಡುತ್ತ ಶಿಗ್ಗಾಂವಿಗೆ ಬಂದೆ. ಅಲ್ಲಿ ನಮ್ಮವರು ಪಂಪು ರಿಪೇರಿ ಮಾಡಿಕೊಡುತ್ತಿದ್ದ ಒಬ್ಬ ನಿವೃತ್ತ ಬಾಯಾರು, ಅಂದರೆ ಶಾಲೆಯ ಶಿಕ್ಷಕಿ, ಬೀದಿಯಲ್ಲಿ ಸಿಕ್ಕ ಬೆಕ್ಕು ನಾಯಿಗಳಿಗೆಲ್ಲ ತಮ್ಮ ಹಿತ್ತಲಲ್ಲಿ ತಗಡು ಹೊದಿಸಿ ಆಸರೆ ಮಾಡಿದ್ದರು. ಬೇಕೆಂದವರಿಗೆ ವಿಚಾರಿಸಿ ಕೊಡುತ್ತಿದ್ದರು. ವಿಚಾರಣೆ ಹೇಗೆಂದರೆ, ನನ್ನ ಮಗಳ ಗಂಡಿನ ಬಗ್ಗೆ ನಾವು ಅಷ್ಟು ಕೇಳಿರಲಿಲ್ಲ.

ಬೆಕ್ಕುಗಳು ಬಂದು ಕಾಲಿಗೆ ಮೈ ಉಜ್ಜಿದವು. ನಮ್ಮವರು ಒಂದು ದಪ್ಪ ಗಂಡು ಬೆಕ್ಕನ್ನು ಆರಿಸಿ, ಅದರ ಪಂಜ ಹಿಡಿದು ಪಂಪಿನ ಬೇರಿಂಗು ನೋಡುವಂತೆ ನೋಡುತ್ತಿದ್ದರು. ನನ್ನ ಕಣ್ಣು ಮೂಲೆಯ ಗೋಣಿಚೀಲದ ಹಿಂದೆ ಹೋಯಿತು. ಬೂದಿ ಬಣ್ಣದ ಒಂದು ಮುದ್ದೆ, ಅದರಲ್ಲಿ ಎರಡು ಕಣ್ಣು.

"ಅದನ್ನ ಯಾರೂ ಒಯ್ಯಾಂಗಿಲ್ರಿ," ಎಂದರು ಬಾಯಾರು. "ಕಲ್ಯಾಣ ಮಂಟಪದ ಅಡಗಿಮನ್ಯಾಗ ಬೆಳೆದದ್ದು. ಬಂದಾಗೊಮ್ಮೆ ಪಾತ್ರಿ ಮುಚ್ಚಳ ಒಗದ ಒಗದ ಓಡಿಸ್ಯಾರ. ಹಿತ್ತಾಳಿ, ಸ್ಟೀಲು ಸಪ್ಪಳ ಕೇಳಿದ್ರ ಜೀವಾನ ಹೋದಂಗ ಮಾಡ್ತೈತಿ. ಎರಡು ಮನಿಯವರು ಒಯ್ದರು, ಎರಡೂ ಮನಿಯವರು ತಿರುಗಿ ತಂದ್ರು."

"ಇದನ್ನ ಒಯ್ತೇನ್ರಿ," ಎಂದೆ. ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ. ನಮ್ಮವರು ನನ್ನ ಮುಖ ನೋಡಿ, ದಪ್ಪ ಬೆಕ್ಕನ್ನು ಮೆಲ್ಲಗೆ ಕೆಳಗಿಳಿಸಿದರು.

ಬಾಯಾರು ನನ್ನ ಕೈ ಹಿಡಿದುಕೊಂಡು ಹೇಳಿದರು: "ನೀವು ಅದರ ಕಡೆ ಹೋಗಬ್ಯಾಡ್ರಿ. ಅದ ನಿಮ್ಮ ಕಡೆ ಬರಬೇಕು. ಆಗಲಿಲ್ಲಂದ್ರ ಎಲ್ಲೆರ ಬಿಡಬ್ಯಾಡ್ರಿ, ನನಗ ತಂದ ಕೊಡ್ರಿ. ಆದ್ರ ಒಂದ ಮಾತು. ಇನ್ನೊಮ್ಮೆ ತಿರುಗಿ ಬಂತಂದ್ರ ಅದು ಮನುಷ್ಯಾರನ್ನ ಮತ್ತ ನಂಬಾಂಗಿಲ್ಲ."

ಸವಣೂರು ಬಸ್ಸಿನಲ್ಲಿ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ದಾರಿಯುದ್ದಕ್ಕೂ ಒಂದು ಮಿಯಾಂವ್ ಇಲ್ಲ. ಕಂಡಕ್ಟರು ಇಣುಕಿ, "ಅಕ್ಕಾರ, ಬುಟ್ಟಿ ಖಾಲಿ ಐತಲ್ರಿ," ಎಂದ. ಅದು ಸೆರಗಿನ ಕೆಳಗೆ ಅಷ್ಟು ಚಿಕ್ಕದಾಗಿ ಕುಳಿತಿತ್ತು. ಬೂದವ್ವ ಎಂದು ನಾನು ಹೆಸರಿಟ್ಟದ್ದು ಆ ಬಸ್ಸಿನಲ್ಲೇ.

ಮನೆಗೆ ಬಂದು ಬುಟ್ಟಿ ಬಿಚ್ಚಿದ್ದೇ ತಡ, ಬೂದವ್ವ ದೇವರ ಕೋಣೆಗೆ ಹಾರಿ ಜಗಲಿಯ ಕೆಳಗೆ ಹೊಕ್ಕಿತು. ಜಗಲಿ ಎಂದರೆ ನಮ್ಮಲ್ಲಿ ದೇವರನ್ನು ಕೂರಿಸುವ ಕಲ್ಲಿನ ಕಟ್ಟೆ. ಅದರ ಕೆಳಗೆ ಕೊಬ್ಬರಿ ಚಿಪ್ಪು, ಊದಿನಕಡ್ಡಿ ಡಬ್ಬಿ ಇಡುವ ಒಂದು ಗೂಡು. ಇಡೀ ಮನೆಯಲ್ಲಿ ಅದಕ್ಕೆ ಹಿಡಿಸಿದ್ದು ಅದೊಂದೇ ಜಾಗ. ಹಿಡಿಸಿತೋ, ಹಿಡಿಸಿತು. ಮತ್ತೆ ಹೊರಗೆ ಬರಲಿಲ್ಲ. ನಾವು ಮಲಗಿದ ಮೇಲೆ ತಿಂದು, ಮೂಲೆಯ ಮರಳಿನ ಬುಟ್ಟಿಯಲ್ಲಿ ತನ್ನ ಕೆಲಸ ಮುಗಿಸಿ, ಮತ್ತೆ ಒಳಗೆ.

ನಮ್ಮ ಗೋಡೆ ನಡುಗಿಸುವ ರೈಲಿಗೆ ಅದು ಅಂಜಲಿಲ್ಲ. ಚಮಚಕ್ಕೆ ಅಂಜಿತು. ಗೂಡ್ಸ್ ಗಾಡಿ ಹೋಗುವಾಗ ಕಣ್ಣು ಮುಚ್ಚಿ ಕುಳಿತಿದ್ದದ್ದು, ನಾನು ತಾಟು ಕೆಳಗಿಟ್ಟರೆ ಗೋಡೆಯೊಳಗೆ ಇಂಗಿಹೋಗುವಂತೆ ಒತ್ತಿಕೊಳ್ಳುತ್ತಿತ್ತು. ಇಲಿಗಳ ವಿಷಯ ಕೇಳಲೇಬೇಡಿ. ಒಂದು ಇಲಿ ಅದರ ಮುಂದಿನಿಂದಲೇ ಬತ್ತಿ ಕಚ್ಚಿಕೊಂಡು ಹೋಯಿತು. ಬೂದವ್ವ ಸರಿದು ದಾರಿ ಬಿಟ್ಟಿತು.

ಮೊದಲ ದಿನ ಪೂಜೆಯಲ್ಲಿ ಗಂಟೆ ಬಾರಿಸಿದೆ. ಜಗಲಿಯ ಕೆಳಗೆ ಡಬ್ಬಿಗಳೆಲ್ಲ ಉರುಳಿದವು. ಇಣುಕಿ ನೋಡಿದರೆ ಚಳಿ ಹಿಡಿದ ಹಾಗೆ ನಡುಗುತ್ತಿದೆ. ಈಗ ನೀವೇ ಹೇಳಿ. ಮೇಲೆ ಶಿವ, ಕೆಳಗೆ ಬೆಕ್ಕು, ನಡುವೆ ಗಂಟೆ ಹಿಡಿದ ನಾನು. ಮದುವೆಯಾಗಿ ಬಂದಾಗಿನಿಂದ ಗಂಟೆಯಿಲ್ಲದ ಪೂಜೆ ಮಾಡಿದವಳಲ್ಲ. ಮರುದಿನ ಹಳೆಯ ಕುಪ್ಪಸ ಹರಿದು ನಾಲಿಗೆಗೆ ಸುತ್ತಿ, "ಶಿವಾ, ನಿನಗ ಹೆಂಗೂ ಕೇಳಸ್ತೈತಿ," ಎಂದು ಟಪ್ ಟಪ್ ಅನ್ನಿಸಿದೆ.

ಅತ್ತೆ ಪಡಸಾಲೆಯಿಂದಲೇ, "ಯಾಕಬೇ, ದೇವ್ರು ಮಲಗ್ಯಾನೇನು?" ಎಂದರು.

ನಮ್ಮದು ಮೀನು ಮೊಟ್ಟೆ ಕಾಣದ ಮನೆ. ಬಾಯಾರು ಕೊಟ್ಟಿದ್ದ, ಮೀನು ಬೆರೆಸಿದ ಬೆಕ್ಕಿನ ಕಾಳಿನ ಚೀಲವನ್ನು ನಮ್ಮವರು ಮೋಟಾರು ಸಾಮಾನಿನ ನಡುವೆ ಅಡಗಿಸಿಟ್ಟಿದ್ದರು. ಅತ್ತೆ ವಾಸನೆ ಹಿಡಿದು ಅಲ್ಲಿಗೇ ಹೋದರು. ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಅವರು ಚೀಲ ಮೂಸಿ ನೋಡಿ, "ಶಿವ ಅದಕ್ಕ ಹಲ್ಲು ಕೊಟ್ಟದ್ದು ಪುಠಾಣಿ ತಿನ್ನಾಕಲ್ಲ. ಅದರ ಬಟ್ಟಲಾ ಬ್ಯಾರೆ ಇಡ್ರಿ," ಎಂದು ಹೋದರು. ಅತ್ತೆ ಹೀಗೆಯೇ. ಬೈಯುತ್ತಾರೆಂದುಕೊಂಡಾಗ ಬೈಯುವುದಿಲ್ಲ, ಉಳಿದ ಹೊತ್ತಿನಲ್ಲಿ ಬೈಯುತ್ತಾರೆ.

ಅವರ ಲೆಕ್ಕದಲ್ಲಿ ಬೂದವ್ವನಿಗೆ ಅಂಜಿಕೆ ಹೊಕ್ಕಿತ್ತು. ನಮ್ಮ ಕಡೆ ಕೂಸುಗಳಿಗೆ ಅಂಜಿಕೆಯಾದರೆ ಸಂಜೆ ಮಸೂತಿಯ ಮೆಟ್ಟಿಲ ಹತ್ತಿರ ಎತ್ತಿಕೊಂಡು ನಿಲ್ಲುತ್ತಾರೆ. ನಮಾಜು ಮುಗಿಸಿ ಬಂದವರು ಕೂಸಿನ ಮುಖಕ್ಕೆ ಮೆಲ್ಲಗೆ ಊದಿ, ದಾರ ಮಂತ್ರಿಸಿ ಕೊಡುತ್ತಾರೆ. ಅತ್ತೆ ಸವಣೂರಿಗೆ ಸಂತೆಗೆಂದು ಹೋದವರು ಅಲ್ಲಿಯ ಮಸೂತಿಯ ಮುಂದೆ ಕರಿ ದಾರ ಹಿಡಿದು ನಿಂತರಂತೆ. ಗಡ್ಡದ ಹಿರಿಯರೊಬ್ಬರು, "ಕೂಸೆಲ್ಲೈತಬೇ ಅವ್ವಾ?" ಎಂದರಂತೆ.

"ಹೊರಗ ಬರವಲ್ದರಿ. ಅದಕ್ಕ ಅಂಜಿಕಿ."

"ಹೆಸರೇನು?"

"ಬೂದವ್ವ."

ಅವರು ಬೂದವ್ವನ ಹೆಸರಿನಲ್ಲಿ ಮನಸ್ಸಿಟ್ಟು ಊದಿ, ಬಾಳಲಿ ಕೂಸು ಎಂದು ಹರಸಿ ಕಳಿಸಿದರು. ಅತ್ತೆ ದಾರ ತಂದರು. ತಂದ ಮೇಲೆ ಗೊತ್ತಾಯಿತು, ಕಟ್ಟುವುದು ಯಾರಿಗೆ? ಕೊರಳು ಕಂಡರಲ್ಲವೇ ದಾರ ಕಟ್ಟುವುದು. ಕೊನೆಗೆ ಜಗಲಿಯ ಅಂಚಿನ ಮೊಳೆಗೆ ಕಟ್ಟಿದರು. ಈಗಲೂ ಅಲ್ಲೇ ಇದೆ. ಅವತ್ತಿನಿಂದ ನಮ್ಮ ಜಗಲಿ ಯಾವುದಕ್ಕೂ ಅಂಜಿಲ್ಲ.

ಸಂಜೆ ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನು ಶಿವನಿಗೆ ಒಪ್ಪಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ ಶಿವಾ, ಮಗಳ ಫೋನು ಬಂತು ಶಿವಾ, ಹೀಗೆ. ಆ ದಿನಗಳಲ್ಲಿ ನನ್ನ ಲೆಕ್ಕವೇ ಬದಲಾಯಿತು. ಇವತ್ತು ಬಾಲದ ತುದಿ ಕಂಡಿತು ಶಿವಾ. ಇವತ್ತು ನಾನು ಕೆಮ್ಮಿದರೂ ಡಬ್ಬಿ ಉರುಳಲಿಲ್ಲ ಶಿವಾ. ಇಷ್ಟಕ್ಕೆಲ್ಲ ಕೈ ಮುಗಿಸಿಕೊಂಡು ಶಿವನಿಗೂ ಸಂಕೋಚವಾಗಿರಬೇಕು.

ಶ್ರಾವಣ ಹತ್ತಿರ ಬಂತು. ಅತ್ತೆಯ ತಾಳ್ಮೆ ಮುಗಿಯಿತು. "ಹೊಸಾ ಸೊಸಿ ಬಂದ್ರೂ ಇಷ್ಟ ದಿನ ಕ್ವಾಣ್ಯಾಗ ಕುಂದ್ರಾಂಗಿಲ್ಲ. ಇಲಿ ಹಿಡೀವಲ್ದು, ಮುಖಾ ತೋರ್ಸವಲ್ದು. ಪಂಚಮಿ ಮಾಡೋಣು. ಪಂಚಮಿ ಆದ ಮರುದಿನ ಬಾಯಾರಿಗೆ ಮುಟ್ಟಿಸಿ ಬಾ."

ನಾನು ಹ್ಞೂಂ ಅಂದೆ. ಆದರೆ ನಾಗರಪಂಚಮಿಗೆಂದು ಕಟ್ಟುತ್ತಿದ್ದ ಉಂಡಿ ಕೈಯಲ್ಲೇ ಒಡೆದುಹೋಯಿತು. ಇನ್ನೊಮ್ಮೆ ತಿರುಗಿ ಬಂದರೆ ಅದು ಯಾರನ್ನೂ ನಂಬುವುದಿಲ್ಲ ಎಂಬ ಮಾತು ಎದೆಯಲ್ಲಿ ಕುಳಿತಿತ್ತು. ಅದರ ಜೊತೆಗೆ ಹೊಸ ಸೊಸೆ ಎಂದದ್ದೂ ಕುಳಿತುಕೊಂಡಿತು.

ಯಾಕೆಂದರೆ ಆ ಕೋಣೆಯಲ್ಲಿ ಮೊದಲು ಅಡಗಿ ಕುಳಿತವಳು ನಾನು. ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ಮದುವೆಯಾದ ಮೊದಲ ಪಂಚಮಿಗೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದರು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಹೊರಗೆ ಜೋಕಾಲಿಯ ಹಾಡು, ನಾನು ಜಗಲಿಯ ಪಕ್ಕದ ಮೂಲೆಯಲ್ಲಿ ಸೆರಗು ಹೊದ್ದು ಕುಳಿತಿದ್ದೆ. ಅತ್ತೆ ಬಾಗಿಲ ಹತ್ತಿರ ಒಂದು ತಾಟು ಉಂಡಿ ಇಟ್ಟು ಹೋದರು. ಆಮೇಲೆ ಪಡಸಾಲೆಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ, ನಮ್ಮಲ್ಲಿ ಮನೆಯ ಒಬ್ಬೊಬ್ಬರ ಪಾಲು ಹೇಳಿ ಎರೆಯುತ್ತಾರಲ್ಲ, ಎಲ್ಲರ ಪಾಲು ಮುಗಿಸಿ, ಒಳಗೆ ಕೇಳಿಸುವ ಹಾಗೆ, "ಕ್ವಾಣ್ಯಾಗಿನಾಕಿ ಪಾಲು," ಅಂದರೆ ಕೋಣೆಯಲ್ಲಿರುವವಳ ಪಾಲು ಎಂದು, ಒಂದು ಹನಿ ಹೆಚ್ಚಿಗೆ ಎರೆದರು. ನಾನು ಎದ್ದು ಹೊರಗೆ ಬಂದೆ. ಹಾಗೆ ಬಂದವಳು ಮತ್ತೆ ಅಡಗಲು ಒಳಗೆ ಹೋಗಿಲ್ಲ.

ಪಂಚಮಿಯ ದಿನ ಬಂತು. ಮಗಳಿಗೆ ರಜೆ ಸಿಗಲಿಲ್ಲ, ನಾವು ಮೂವರೇ. ದೇವರ ಕೋಣೆಯಲ್ಲಿ ಪರಾತವೆಂಬ ಅಗಲ ತಟ್ಟೆಯೊಳಗೆ ನಾಗಪ್ಪನನ್ನು ಕೂರಿಸಿ, ಅತ್ತೆ ಮಂಡಿಯೂರಿ ಕುಳಿತು, ಕೊಬ್ಬರಿ ಚೂರನ್ನು ಹಾಲಿನಲ್ಲಿ ಅದ್ದಿ ಶುರು ಮಾಡಿದರು. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು." ಒಂದೊಂದಕ್ಕೆ ಒಂದೊಂದು ಹನಿ. "ಮಗನ ಪಾಲು. ಸೊಸಿ ಪಾಲು. ಹಿರೇಕೆರೂರಾಗಿನ ಮೊಮ್ಮಗಳ ಪಾಲು."

ಅಲ್ಲಿಗೆ ಮುಗಿಯಬೇಕಿತ್ತು. ಜಗಲಿಯ ಕೆಳಗಿನಿಂದ ಒಂದು ಬೂದಿ ಬಣ್ಣದ ಮೂಗು ಹೊರಗೆ ಬಂತು. ಆಮೇಲೆ ಮೀಸೆ. ಆಮೇಲೆ ವಿಭೂತಿ ಮೆತ್ತಿದ ಒಂದು ಕಿವಿ.

ನಮ್ಮವರು ಕೈ ಮುಗಿದವರು ಹಾಗೆಯೇ ಗೊಟಗೋಡಿಯ ಗೊಂಬೆಯಾದರು. ಅತ್ತೆ ಕೈ ನಿಲ್ಲಿಸಿದರು. ಹನಿ ನಿಂತಿದ್ದೇ ಮೂಗು ಹಿಂದೆ ಸರಿಯಿತು. ಅತ್ತೆಗೆ ತಿಳಿಯಿತು. ದನಿ ಏರಿಸದೆ, ಇಳಿಸದೆ, ಮತ್ತೆ ಅದ್ದಿದರು.

"ನಮ್ಮ ಮಾವನ ಪಾಲು," ಎಂದರು. ಮೂಗು ಬಂತು. "ನಮ್ಮತ್ತಿ ಪಾಲು. ಹಂಸಭಾವಿ ಅಣ್ಣನ ಪಾಲು. ಅವನ ಹೇಣ್ತಿ ಪಾಲು, ಆಕಿಗೆ ಸಣ್ಣ ಹನಿ ಸಾಕು." ಮುಂಗಾಲು ಬಂತು. "ಎಮ್ಮಿ ಪಾಲು. ಎಮ್ಮಿ ಕರುವಿನ ಪಾಲು. ಹಾಲಿನ ಡೇರಿ ಪಾಲು." ಬೂದವ್ವ ಪರಾತದ ಅಂಚಿಗೆ ಬಂದು ಮೂಸಿತು. ಅತ್ತೆಗೆ ಮಂಡಿ ನೋವು, ಹಾಗೆ ಕೂರಲಾಗದು, ಮುಖ ಕಿವುಚುತ್ತಿದ್ದರು, ದನಿ ಮಾತ್ರ ಅಲುಗಲಿಲ್ಲ. ಬಂಧು ಬಳಗ ಎಲ್ಲ ಮುಗಿದರು. "ಸ್ಟೇಷನ್ ಮಾಸ್ತರ ಪಾಲು. ಹುಬ್ಬಳ್ಳಿ ಗಾಡಿ ಪಾಲು. ಹರಿಹರ ಗಾಡಿ ಪಾಲು. ಶಿಗ್ಗಾಂವಿ ಬಾಯಾರ ಪಾಲು. ಮಸೂತಿ ಅಜ್ಜನ ಪಾಲು."

ಬೂದವ್ವ ನಾಗಪ್ಪನ ಬುಡದಲ್ಲಿ ನಿಂತಿದ್ದ ಹಾಲಿಗೆ ಬಾಯಿ ಹಾಕಿತು. ಕುಡಿಯಿತು. ಆಮೇಲೆ ತಲೆ ಎತ್ತಿ, ಅತ್ತೆಯ ಬೆರಳನ್ನು ನೆಕ್ಕಿತು.

ಅತ್ತೆ ಪಾಲು ಹೇಳುವುದನ್ನು ನಿಲ್ಲಿಸಿ ನೋಡಿದರು. ಅದು ಓಡಲಿಲ್ಲ. ಆಗ ಕೊನೆಯ ಹನಿಯನ್ನು ಅದರ ಮುಂದೆಯೇ ಬಿಟ್ಟು, ಮೆಲ್ಲಗೆ ಎಂದರು: "ಕ್ವಾಣ್ಯಾಗಿನಾಕಿ ಪಾಲು."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅತ್ತೆ ನನ್ನ ಕಡೆ ನೋಡಲಿಲ್ಲ. "ಮಂಡಿ ಹಿಡಿದೈತಿ, ಯಾರರ ಎಬ್ಬಸ್ರಿ," ಎಂದರು.

ಮರುದಿನ ನಾನು ಬುಟ್ಟಿಯನ್ನು ತೆಗೆಯಲೂ ಇಲ್ಲ, ಕೇಳಲೂ ಇಲ್ಲ. ಅತ್ತೆಯೇ ಹೇಳಿದರು: "ಪಾಲು ಹಾಕಿದ ಮ್ಯಾಲ ಹೊರಗ ಹಾಕಾಕ ಬರ್ತೈತೇನು? ಬಾಯಾರಿಗೆ ಫೋನ್ ಮಾಡು. ಆಕಿ ಇಲ್ಲೇ ಇರ್ತಾಳ ಅನ್ನು." ಅದು ಹೋಗಿ ಆಕಿ ಆದದ್ದನ್ನು ನಾನು ಆ ಸಂಜೆ ಶಿವನಿಗೆ ಒಪ್ಪಿಸಿದೆ. ಅಷ್ಟು ಹಾಲು ಕುಡಿದು ಆಕಿಯ ಹೊಟ್ಟೆ ಕೆಟ್ಟಿತೆಂಬುದನ್ನು ಒಪ್ಪಿಸಲಿಲ್ಲ. ಅದನ್ನು ಬಳಿದದ್ದು ನಾನು, ಶಿವನಿಗೇಕೆ ಆ ವಿಷಯ.

ಇಲಿಗಳು ಈಗಲೂ ಇವೆ. ಬೂದವ್ವ ಅತ್ತೆಯ ಮಗ್ಗುಲಲ್ಲಿ ಮಲಗುತ್ತಾಳೆ. ಬತ್ತಿಗಳನ್ನು ನಾನು ಡಬ್ಬಿಯಲ್ಲಿಡುತ್ತೇನೆ.

ಮೊನ್ನೆ ಬೀಗಿತ್ತಿ ಹೋದ ಮೇಲೆ ಗಂಟೆ ಕೈಗೆತ್ತಿಕೊಂಡೆ. ಇಷ್ಟು ವರ್ಷವಾಯಿತು, ಇನ್ನೇಕೆ ಎಂದು ಅರಿವೆ ಬಿಚ್ಚಿ ಬಾರಿಸಿದೆ. ಕೋಣೆ ತುಂಬ ಠಣ್ ಎಂದಿತು. ಪಡಸಾಲೆಯಲ್ಲಿ ಮಲಗಿದ್ದ ಬೂದವ್ವ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಳು. ಬೆಚ್ಚಿದವಳು ನಾನು. ಇಷ್ಟು ದೊಡ್ಡ ದನಿಯಲ್ಲಿ ನಾನು ದೇವರನ್ನು ಕರೆಯುತ್ತಿದ್ದೆನೇ? ಅರಿವೆಯನ್ನು ಮತ್ತೆ ಸುತ್ತಿದೆ, ಗಂಟು ಹಾಕಿದೆ, ದೀಪ ಹಚ್ಚಿ ಕುಳಿತೆ. ಹಿತ್ತಲಲ್ಲಿ ಹುಬ್ಬಳ್ಳಿ ಗಾಡಿ ಹೋಯಿತು. ಬೂದವ್ವನಿಗೆ ಕಾದ ಹಾಗೆ, ಕರೆಯುವುದನ್ನು ಬಿಟ್ಟು, ಅವನೇ ಬರಲಿ ಎಂದು ಜಗಲಿಯ ಮುಂದೆ ಸುಮ್ಮನೆ ಕೂತಿದ್ದೆ.